ಬಾವಿ ನೀರಿನ ಮನೆ ಇರುವವರಿಗೆ

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದಲ್ಲಿ ಮನೆ ತಗೊಂಡವರು, ತಗೊಳ್ಳಬೇಕು ಅಂತಿರುವವರು ಇದನ್ನು ಸ್ವಲ್ಪ ಓದಿ.

ಡೆಲವೇರ್ ನದಿಯ ಜಲಾನಯನ ಪ್ರದೇಶದಲ್ಲಿ ಫ್ರ್ಯಾಕಿಂಗ್ (ನೆಲದಾಳದ ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ಗ್ಯಾಸ್ ತೆಗೆಯುವುದು) ಮಾಡುವಂತಿಲ್ಲ. 2021ರ ಫೆಬ್ರವರಿಯಲ್ಲೇ ನದಿ ಆಯೋಗ ನಿಷೇಧಿಸಿದೆ. ಆದರೆ ಪಕ್ಕದ ಸಸ್ಕ್ವೆಹಾನಾ ನದಿಯ ಕಡೆ ಅಂಥ ನಿಷೇಧ ಇಲ್ಲ. ಗುಡ್ಡದ ಈಚೆ ಒಂದು ನಿಯಮ, ಆಚೆ ಇನ್ನೊಂದು! ಗ್ಯಾಸ್‌ಗಾಗಿ ಡ್ರಿಲ್ಲಿಂಗ್ ನಡೆದ ಡಿಮಾಕ್ ಊರು ಇರುವುದು ಆ ಕಡೆಯೇ. 2009ರ ಹೊಸ ವರ್ಷದ ದಿನ ಅಲ್ಲೊಬ್ಬರ ಮನೆಯ ಕುಡಿಯುವ ನೀರಿನ ಬಾವಿ ಸ್ಫೋಟಗೊಂಡಿತ್ತು. ಕಾರಣ, ನೀರಿಗೆ ಸೇರಿದ್ದ ಮೀಥೇನ್ ಅನ್ನುವ ಉರಿಯುವ ಅನಿಲ.

ಮೀಥೇನ್‌ಗೆ ವಾಸನೆ ಇಲ್ಲ. ನಲ್ಲಿ ತಿರುಗಿಸಿದಾಗ ನೀರು ಸೋಡಾ ಥರ ಬುಸ್ ಅಂದರೆ, ಲೋಟದಲ್ಲಿ ಹಾಲಿನ ಹಾಗೆ ಬೆಳ್ಳಗೆ ಕಂಡರೆ ಸುಮ್ನೆ ಬಿಡಬೇಡಿ. ಅಲ್ಲಿ ಖಾಸಗಿ ಬಾವಿಯ ನೀರನ್ನು ಸರ್ಕಾರ ಪರೀಕ್ಷಿಸುವುದಿಲ್ಲ, ಅದು ನಮ್ಮದೇ ತಲೆನೋವು.

ಹತ್ತಿರ ಡ್ರಿಲ್ಲಿಂಗ್ ಶುರುವಾಗುವ ಮೊದಲೇ ಮಾನ್ಯತೆ ಪಡೆದ ಲ್ಯಾಬ್‌ನಿಂದ ಮೀಥೇನ್, ಕ್ಲೋರೈಡ್, ಬೇರಿಯಂ, ಸ್ಟ್ರಾನ್ಷಿಯಂ ಪರೀಕ್ಷೆ ಮಾಡಿಸಿ. ಸ್ಯಾಂಪಲ್ ಅವರೇ ಬಂದು ತಗೊಳ್ಳಲಿ. ನಾವು ಬಾಟಲಿಯಲ್ಲಿ ತುಂಬಿ ಕೊಟ್ಟರೆ ನಾಳೆ ವಾದಕ್ಕೆ ನಿಲ್ಲುವುದು ಕಷ್ಟ.

ಇನ್ನೊಂದು ಮುಖ್ಯ ವಿಷಯ. ಪೆನ್ಸಿಲ್ವೇನಿಯಾದ 2012ರ ಕಾನೂನಿನ ಪ್ರಕಾರ, ಶೇಲ್ (ಪದರಗಲ್ಲು) ಗ್ಯಾಸ್ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದ 12 ತಿಂಗಳೊಳಗೆ ನೀರು ಕೆಟ್ಟರೆ ಮೊದಲ ಹೊಣೆ ಕಂಪನಿಯದೇ. ಆದರೆ ಮುಂಚೆ ಪರೀಕ್ಷೆಗೆ ಬಂದ ಕಂಪನಿಯವರನ್ನು ಒಳಗೆ ಬಿಡದಿದ್ದರೆ ಅದನ್ನೇ ಹಿಡಿದು ಅವರು ನುಣುಚಿಕೊಳ್ಳಬಹುದು. ಹಾಗಾಗಿ ಬೇಡ ಅನ್ನಬೇಡಿ, ವರದಿಯ ಪ್ರತಿ ಕೇಳಿ ಇಟ್ಟುಕೊಳ್ಳಿ.

ಪರೀಕ್ಷೆ ಮಾಡಿಸಿದವರಿದ್ದರೆ ಖರ್ಚು ಎಷ್ಟಾಯಿತು ಅಂತ ಇಲ್ಲೇ ಹಾಕಿ.