ರೂಟರ್ ಜೊತೆಗೆ ಅದರ ಸೆಟ್ಟಿಂಗ್ ವಿವರವನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮೂರಿನ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇಂಟರ್ನೆಟ್ ನಿಂತುಹೋಯಿತು. ಸಂಪರ್ಕ ಒದಗಿಸಿರುವ ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಿದಾಗ, ರೂಟರಿನ ಹಿಂಬದಿಯ ಸಣ್ಣ ತೂತಿನೊಳಗೆ ಪಿನ್ನು ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ ಎಂದರು. ಶಿಕ್ಷಕಿಯೊಬ್ಬರು ಹಾಗೆಯೇ ಮಾಡಿದರು. ನಿಜವಾದ ದೋಷವಿದ್ದದ್ದು ರಸ್ತೆ ಕಾಮಗಾರಿಯಲ್ಲಿ ತುಂಡಾದ ಕೇಬಲಿನಲ್ಲಿ. ಅದನ್ನು ಅಂದು ಸಂಜೆಯೇ ಜೋಡಿಸಲಾಯಿತು. ಆದರೆ ಶಾಲೆಗೆ ಇಂಟರ್ನೆಟ್ ಮರಳಿ ಬರಲು ಆರು ದಿನ ಹಿಡಿಯಿತು. ಆ ಗುಂಡಿ ಒತ್ತಿದೊಡನೆ ರೂಟರಿನಲ್ಲಿದ್ದ ಬಳಕೆದಾರ ಹೆಸರು, ಪಾಸ್‌ವರ್ಡ್, ವಿಎಲ್ಎಎನ್ ಸಂಖ್ಯೆ (ಸಂಸ್ಥೆಯ ಜಾಲದಲ್ಲಿ ಸಂಪರ್ಕ ಯಾವ ವಿಭಾಗಕ್ಕೆ ಸೇರಿದ್ದೆಂದು ಗುರುತಿಸುವ ಸಂಖ್ಯೆ) ಎಲ್ಲವೂ ಅಳಿಸಿಹೋಗಿದ್ದವು ಮತ್ತು ಅವುಗಳನ್ನು ಶಾಲೆಯವರಿಗೆ ಯಾರೂ ಎಂದೂ ಬರೆದುಕೊಟ್ಟಿರಲಿಲ್ಲ.

ಇಪ್ಪತ್ತೆಂಟು ವರ್ಷ ನೆಟ್‌ವರ್ಕ್ ನಿರ್ವಹಣೆಯ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಆರು ದಿನಗಳು ಬಹಳ ನೋವು ತಂದವು. ರೂಟರನ್ನು ಆರಿಸಿ ಮತ್ತೆ ಹಚ್ಚುವುದು ಬೇರೆ, ಹೀಗೆ ಪಿನ್ನಿನಿಂದ ಒತ್ತಿ ರೀಸೆಟ್ ಮಾಡುವುದು ಬೇರೆ. ಮೊದಲನೆಯದರಲ್ಲಿ ತಾತ್ಕಾಲಿಕ ಮೆಮೊರಿ ಮಾತ್ರ ಖಾಲಿಯಾಗುತ್ತದೆ, ಉಳಿಸಿಟ್ಟ ಸೆಟ್ಟಿಂಗ್‌ಗಳು ಹಾಗೆಯೇ ಇರುತ್ತವೆ. ಎರಡನೆಯದರಲ್ಲಿ ಉಪಕರಣವು ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಹೋಗುತ್ತದೆ. 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್ ಸಂಸ್ಥೆಯ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಸೈಬರ್ ದಾಳಿಯಿಂದ ಸ್ಥಗಿತಗೊಂಡಾಗ, ಗ್ರಾಹಕರಿಗೆ ಆ ಸಂಸ್ಥೆ ಹೇಳಿದ್ದು ರೂಟರಿನ ವಿದ್ಯುತ್ ತೆಗೆದು ಸ್ವಲ್ಪ ಹೊತ್ತಿನ ನಂತರ ಮತ್ತೆ ಹಚ್ಚಿ ಎಂದಷ್ಟೇ. ಸರಿಪಡಿಸಿದ ಫರ್ಮ್‌ವೇರನ್ನು, ಅಂದರೆ ರೂಟರಿನೊಳಗಿನ ತಂತ್ರಾಂಶವನ್ನು, ಆಮೇಲೆ ಸಂಸ್ಥೆಯೇ ಕಳುಹಿಸಿತು. ಅಷ್ಟು ದೊಡ್ಡ ಅವಘಡದಲ್ಲೂ ಮೊದಲ ಸಲಹೆ ರೀಸೆಟ್ ಆಗಿರಲಿಲ್ಲ.

ಸಂಸ್ಥೆಯು ದೂರದಿಂದಲೇ ಸೆಟ್ಟಿಂಗ್ ತುಂಬಿಸುವ ವ್ಯವಸ್ಥೆ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ, ನಿಜ. ಆದರೆ ರೂಟರ್ ಮೊದಲು ಸಂಸ್ಥೆಯ ಸರ್ವರನ್ನು ತಲುಪಬೇಕು, ತಲುಪಲು ಲಾಗಿನ್ ಆಗಬೇಕು, ಲಾಗಿನ್ ಆಗಲು ಬೇಕಾದ ಹೆಸರು ಮತ್ತು ಪಾಸ್‌ವರ್ಡೇ ಅಳಿಸಿಹೋಗಿದ್ದರೆ ಆ ವ್ಯವಸ್ಥೆ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಶಾಲೆಯಲ್ಲಿ ಆದದ್ದು ಇದೇ.

ದೊಡ್ಡ ನೆಟ್‌ವರ್ಕ್‌ಗಳಲ್ಲಿ ನಾವು ಯಾವ ಬದಲಾವಣೆಗೂ ಮೊದಲು ಇರುವ ಕಾನ್ಫಿಗರೇಶನ್ನಿನ, ಅಂದರೆ ಎಲ್ಲ ಸೆಟ್ಟಿಂಗ್‌ಗಳ, ಪ್ರತಿ ತೆಗೆದಿಡುತ್ತಿದ್ದೆವು. ದೂರದ ಊರಿನ ಸಿಸ್ಕೊ ಕಂಪನಿಯ ರೂಟರಿಗೆ ಕೈ ಹಚ್ಚುವಾಗ ಹತ್ತು ನಿಮಿಷದ ನಂತರ ತಾನಾಗಿ ಮರುಚಾಲನೆಯಾಗುವಂತೆ ಮೊದಲೇ ಆದೇಶ ಕೊಟ್ಟಿರುತ್ತಿದ್ದೆವು. ಬದಲಾವಣೆ ತಪ್ಪಾಗಿ ಸಂಪರ್ಕವೇ ಕಡಿದುಹೋದರೂ, ಉಳಿಸದ ಬದಲಾವಣೆ ಅಳಿದು ರೂಟರ್ ಹಳೆಯ ಸ್ಥಿತಿಗೆ ಮರಳುತ್ತಿತ್ತು. ಎಲ್ಲ ಸರಿಯಿದ್ದರೆ ಆದೇಶ ರದ್ದುಮಾಡಿ ಉಳಿಸುತ್ತಿದ್ದೆವು. ಜುನಿಪರ್ ಕಂಪನಿಯ ರೂಟರ್‌ಗಳಲ್ಲಿ ನಿಗದಿತ ಸಮಯದೊಳಗೆ ಖಚಿತಪಡಿಸದಿದ್ದರೆ ಬದಲಾವಣೆ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ. ಮನೆ, ಶಾಲೆ, ಗ್ರಂಥಾಲಯಗಳ ಸಣ್ಣ ರೂಟರ್‌ಗಳಲ್ಲಿ ಇಷ್ಟೆಲ್ಲ ಇಲ್ಲ. ಆದರೆ ಅವುಗಳಲ್ಲಿಯೂ ಸಾಮಾನ್ಯವಾಗಿ ಸೆಟ್ಟಿಂಗ್‌ಗಳನ್ನು ಒಂದು ಬ್ಯಾಕಪ್ ಕಡತವಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯ ಇದ್ದೇ ಇರುತ್ತದೆ. ಅಳವಡಿಸಲು ಬಂದ ತಂತ್ರಜ್ಞರಿಗೆ ಅದು ಎರಡು ನಿಮಿಷದ ಕೆಲಸ.

ಫರ್ಮ್‌ವೇರ್ ವಿಷಯವನ್ನೂ ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಯಾವಾಗ ಕರೆಂಟ್ ಹೋಗುತ್ತದೆಂದು ಹೇಳಲಾಗದು. ಹೊಸ ಫರ್ಮ್‌ವೇರ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ತಂತ್ರಾಂಶದ ಎರಡು ಪ್ರತಿ ಇಟ್ಟುಕೊಳ್ಳುವ ರೂಟರ್ ಹಳೆಯ ಪ್ರತಿಯಿಂದ ಏಳಬಹುದು, ಒಂದೇ ಪ್ರತಿಯಿರುವುದು ಏಳದೆಯೇ ಉಳಿಯಬಹುದು. ಹಾಗಾದಾಗಲೂ ಅನೇಕ ಮಾದರಿಗಳಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ತಂತ್ರಾಂಶ ಕೆಡದೆ ಇರುತ್ತದೆ. ಕಂಪ್ಯೂಟರನ್ನು ಕೇಬಲಿನಿಂದ ಜೋಡಿಸಿ, ಟಿಎಫ್‌ಟಿಪಿ ಎಂಬ ಸರಳ ಕಡತ ರವಾನೆಯ ವಿಧಾನದಲ್ಲಿ ಅದೇ ಮಾದರಿಯ ಫರ್ಮ್‌ವೇರ್ ಕಳುಹಿಸಿ ಉಪಕರಣವನ್ನು ಮತ್ತೆ ಬದುಕಿಸಬಹುದು. ಇದು ಶಿಕ್ಷಕರು ಮಾಡುವ ಕೆಲಸವಲ್ಲ. ಆದರೆ ಕಳುಹಿಸಿದ ತಂತ್ರಜ್ಞರಿಗೆ ಇದು ಗೊತ್ತಿರಬೇಕು, ಗೊತ್ತಿಲ್ಲದೆ ಒಳ್ಳೆಯ ಉಪಕರಣಗಳನ್ನು ಗುಜರಿಗೆ ಹಾಕುವುದನ್ನು ನಾನು ಕಂಡಿದ್ದೇನೆ.

ರೀಸೆಟ್ ಆದ ರೂಟರಿಗೆ ಕಾರ್ಖಾನೆಯ ಪಾಸ್‌ವರ್ಡೇ ಮರಳಿ ಬರುತ್ತದೆ ಎಂಬುದೂ ಸಣ್ಣ ಸಂಗತಿಯಲ್ಲ. 2017ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿಯೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳಿಗೆ ಮಾಲ್‌ವೇರ್ ಎಂಬ ಹಾನಿಕಾರಕ ತಂತ್ರಾಂಶ ತಗುಲಿದಾಗ, ತೊಂದರೆಗೆ ಒಳಗಾದದ್ದು ಮೂಲ ಪಾಸ್‌ವರ್ಡ್ ಬದಲಿಸದ ಉಪಕರಣಗಳು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಉಪಕರಣಗಳಿಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನೇ ನಿಷೇಧಿಸಿದೆ.

ಆದ್ದರಿಂದ ದೂರಸಂಪರ್ಕ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು: ಸಂಪರ್ಕ ಅಳವಡಿಸಿದ ದಿನವೇ ಗ್ರಾಹಕರಿಗೆ ಅವರ ರೂಟರಿನ ಮಾದರಿ, ಲಾಗಿನ್ ವಿವರ, ವಿಎಲ್ಎಎನ್ ಸಂಖ್ಯೆ ಮತ್ತು ದೂರು ಸಂಖ್ಯೆಗಳಿರುವ ಒಂದು ಹಾಳೆಯನ್ನು ಕನ್ನಡದಲ್ಲಿ ಕೊಡುವುದು, ಬ್ಯಾಕಪ್ ಕಡತವನ್ನು ಅವರ ಕೈಗೆ ಒಪ್ಪಿಸುವುದು ಹಾಗೂ ಅವರ ಎದುರಿನಲ್ಲಿಯೇ ಪಾಸ್‌ವರ್ಡ್ ಬದಲಿಸುವುದು ಕಡ್ಡಾಯವಾಗಲಿ. ಲೈನ್ ಪರೀಕ್ಷಿಸದೆ ರೀಸೆಟ್ ಮಾಡಲು ಹೇಳಕೂಡದೆಂದು ಸಹಾಯವಾಣಿಗಳಿಗೆ ಸೂಚನೆ ಹೋಗಲಿ. ನಮ್ಮ ಶಾಲೆಯ ಹಾಳೆಯನ್ನು ಈಗ ನಾನೇ ಬರೆದುಕೊಟ್ಟಿದ್ದೇನೆ. ಅದರಲ್ಲಿ ಪಾಸ್‌ವರ್ಡ್ ಇರುವುದರಿಂದ ಗೋಡೆಗೆ ಅಂಟಿಸದೆ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಇಡಲಾಗಿದೆ.

ಇಂತಿ,
ನಿವೃತ್ತ ನೆಟ್‌ವರ್ಕ್ ತಂತ್ರಜ್ಞ,
ಶಿವಮೊಗ್ಗ ಜಿಲ್ಲೆ