2035ರ ತಪ್ಪು ಮತ್ತು ತೀಸ್ತಾದ ಎಚ್ಚರಿಕೆ

ಮಾನ್ಯ ಸಂಪಾದಕರೇ,

ಹವಾಮಾನ ಬದಲಾವಣೆಯ ಮಾತು ಬಂದಾಗೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಹಿಮಾಲಯ 2035ಕ್ಕೆ ಕರಗಿಹೋಗುತ್ತೆ ಅಂದಿದ್ರಲ್ಲ, ಆಮೇಲೆ ತಪ್ಪಾಯ್ತು ಅಂತ ಅವರೇ ಒಪ್ಪಿಕೊಂಡ್ರಲ್ಲ, ಇನ್ನು ಮಿಕ್ಕಿದ್ದನ್ನ ಯಾಕೆ ನಂಬಬೇಕು?" ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ನನ್ನ ಕ್ಲಾಸಿನ ಹುಡುಗರೂ ಇದನ್ನೇ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಕೇಳುವವರಿಗೆ ಅರ್ಧ ಕಥೆ ಮಾತ್ರ ಗೊತ್ತಿರುತ್ತದೆ.

ಆಗಿದ್ದು ಇಷ್ಟು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2007ರಲ್ಲಿ ಕೊಟ್ಟ ವರದಿಯ ಎರಡನೇ ಸಂಪುಟ 900ಕ್ಕೂ ಜಾಸ್ತಿ ಪುಟಗಳದ್ದು. ಅದರ ಏಷ್ಯಾ ಅಧ್ಯಾಯದ ಒಂದು ಪ್ಯಾರಾದಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಇಲ್ಲವಾಗಬಹುದು ಅಂತ ಇತ್ತು. ಆ ಇಸವಿಯನ್ನು ಡಬ್ಲ್ಯುಡಬ್ಲ್ಯುಎಫ್ ಅನ್ನುವ ಪರಿಸರ ಸಂಸ್ಥೆಯ 2005ರ ವರದಿಯಿಂದ ಎತ್ತಿದ್ದು, ಆ ವರದಿಗೆ ಅದು ಸಿಕ್ಕಿದ್ದು 1999ರ ಒಂದು ಪತ್ರಿಕೆಯ ಸುದ್ದಿಯಿಂದ. ಯಾರೂ ಅಳೆದು ತೆಗೆದ ಲೆಕ್ಕವಲ್ಲ. ನೂರಾರು ಮೀಟರ್ ದಪ್ಪದ ಹಿಮ ವರ್ಷಕ್ಕೆ ಸರಾಸರಿ ಅರ್ಧ ಮೀಟರಿನ ಆಸುಪಾಸು ತೆಳ್ಳಗಾಗುತ್ತಿದ್ದರೆ ಇಪ್ಪತ್ತೆಂಟು ವರ್ಷದಲ್ಲಿ ಮುಗಿಯುತ್ತದಾ? ಎಂಟನೇ ಕ್ಲಾಸಿನ ಭಾಗಾಕಾರ ಸಾಕು. ಕರಡು ಓದಿದಾಗ ಜಪಾನ್ ಸರ್ಕಾರ ಈ ಮಾತು ಎಷ್ಟು ಖಚಿತ ಅಂತ ಕೇಳಿತ್ತು, ಆದರೂ ತಿದ್ದಲಿಲ್ಲ. ಅದು ದೊಡ್ಡ ತಪ್ಪು, ಅದಕ್ಕೆ ಸಬೂಬು ಬೇಡ.

2009ರ ನವೆಂಬರಿನಲ್ಲಿ ನಮ್ಮ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಅವರು ಹಿಮನದಿಗಳು ಅಷ್ಟು ಬೇಗ ಕರಗುತ್ತಿಲ್ಲ ಅಂತ ಭೂವಿಜ್ಞಾನಿ ವಿ.ಕೆ. ರೈನಾ ಬರೆದ ಬೇರೆ ವರದಿ ಹೊರತಂದರು. ಐಪಿಸಿಸಿ ಅಧ್ಯಕ್ಷ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಅಂತ ಹೀಗಳೆದರು. ಎರಡೇ ತಿಂಗಳಲ್ಲಿ, 2010ರ ಜನವರಿಯಲ್ಲಿ, ಅದೇ ಐಪಿಸಿಸಿ 2035ರ ಮಾತಿಗೆ ವಿಷಾದ ಹೇಳಬೇಕಾಯಿತು. ಆ ಗರ್ವ ನನಗೆ ಈಗಲೂ ಬೇಸರ ತರುತ್ತದೆ, ಯಾಕೆಂದರೆ ಜನರ ನಂಬಿಕೆ ಹೋಗಿದ್ದು ಅಂಕಿಗಿಂತ ಜಾಸ್ತಿ ಅದರಿಂದ.

ಆದರೆ ತಪ್ಪು ಹಿಡಿದವರು ಯಾರು? ಕೆನಡಾದ ಗ್ರಹಾಂ ಕಾಗ್ಲಿ ಅವರಂಥ ಹಿಮನದಿ ವಿಜ್ಞಾನಿಗಳೇ. ಆಮೇಲೆ ದೇಶದೇಶಗಳ ವಿಜ್ಞಾನ ಅಕಾಡೆಮಿಗಳ ಒಕ್ಕೂಟ ಐಪಿಸಿಸಿಯ ಕೆಲಸದ ರೀತಿಯನ್ನೇ ತನಿಖೆ ಮಾಡಿತು, ತಪ್ಪು ತೋರಿಸಿದರೆ ಹೇಗೆ ತಿದ್ದಬೇಕು ಅನ್ನುವ ನಿಯಮ ಬಂತು. ಹಿಮ ಕರಗುತ್ತಿರುವುದಂತೂ ಸುಳ್ಳಲ್ಲ. ಪರ್ವತ ಪ್ರದೇಶಗಳ ಅಧ್ಯಯನ ಮಾಡುವ ಕಠ್ಮಂಡುವಿನ ಐಸಿಮಾಡ್ ಸಂಸ್ಥೆಯ 2019ರ ವರದಿ ಪ್ರಕಾರ, ಭೂಮಿಯ ಬಿಸಿ ಏರುವುದು 1.5 ಡಿಗ್ರಿಗೆ ನಿಂತರೂ ಈ ಶತಮಾನದ ಕೊನೆಗೆ ಹಿಂದೂಕುಶ್ ಹಿಮಾಲಯದ ಮೂರನೇ ಒಂದು ಭಾಗ ಹಿಮ ಹೋಗುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಸಿಕ್ಕಿಂನಲ್ಲಿ ಹಿಮನದಿ ಕರಗಿದ ನೀರು ನಿಂತ ದಕ್ಷಿಣ ಲೋನಾಕ್ ಸರೋವರ ಒಡೆಯುವ ಅಪಾಯವಿದೆ ಅಂತ 2021ರಲ್ಲೇ ಒಂದು ಸಂಶೋಧನಾ ಲೇಖನ ಹೇಳಿತ್ತು. ಅದನ್ನು ಬರೆದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. 2023ರ ಅಕ್ಟೋಬರಿನಲ್ಲಿ ಅದು ಒಡೆಯಿತು. ಚುಂಗ್‌ಥಾಂಗ್‌ನ 1,200 ಮೆಗಾವ್ಯಾಟ್ ತೀಸ್ತಾ-3 ಜಲವಿದ್ಯುತ್ ಯೋಜನೆಯ ಅಣೆಕಟ್ಟು ಕೊಚ್ಚಿಹೋಯಿತು, ಹತ್ತಾರು ಜನ ಸತ್ತರು. 2035ರ ತಪ್ಪು ನಮ್ಮೂರಿನ ಚಹಾದಂಗಡಿಯವರೆಗೂ ಬಂದಿದೆ. ಈ ನಿಜವಾದ ಎಚ್ಚರಿಕೆ ಎಷ್ಟು ಜನರಿಗೆ ಗೊತ್ತು? ನಾನು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಾಗಾಗಿ ನಂಬುತ್ತೀರಾ ಇಲ್ವಾ ಅಂತ ಸುಮ್ನೆ ಜಗಳ ಆಡುವುದು ಬಿಟ್ಟು, ಯಾರು ಅಳೆದರು, ಯಾರು ಪರೀಕ್ಷೆ ಮಾಡಿದರು, ಅದು ನಮ್ಮ ಕೈಗೆ ಸಿಗುತ್ತಾ ಅಂತ ಕೇಳೋಣ. ಸರ್ಕಾರವನ್ನೂ ಹಾಗೇ ಕೇಳಬೇಕು. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿಯನ್ನು ಕೇಂದ್ರ ಸರ್ಕಾರ ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ, ಮಾಹಿತಿ ಆಯೋಗ ಆದೇಶ ಮಾಡಬೇಕಾಯಿತು. ಓದಲು ಬಿಡದ ವರದಿಯ ಬಗ್ಗೆ ಮಲೆನಾಡಿನ ಜನ ಹೆದರಿಕೊಂಡರೆ ಅವರದ್ದು ತಪ್ಪಾ? ದೊಡ್ಡ ಯೋಜನೆಗಳ ಪರಿಸರ ವರದಿಯಲ್ಲೂ ಕನ್ನಡದಲ್ಲಿ ಸಿಗುವುದು ಬರೀ ಸಾರಾಂಶ. ಅಹವಾಲು ಸಭೆಗೆ ಬಂದ ರೈತರು ಅಷ್ಟನ್ನೇ ಹಿಡಿದು ಮಾತಾಡಬೇಕು. ಪೂರ್ತಿ ವರದಿ ಕನ್ನಡದಲ್ಲಿ ಬೇಕು, ಅದೂ ಸಭೆಗಿಂತ ಒಂದು ತಿಂಗಳು ಮೊದಲೇ.

ನಿಮ್ಮ ಪತ್ರಿಕೆಗೂ ಒಂದು ಮನವಿ. ಇನ್ನು ಮುಂದೆ "ವಿಜ್ಞಾನಿಗಳ ಎಚ್ಚರಿಕೆ" ಅಂತ ಸುದ್ದಿ ಹಾಕುವಾಗ ಯಾವ ಸಂಸ್ಥೆ, ಯಾವ ವರ್ಷ, ಎಲ್ಲಿ ಪ್ರಕಟವಾಯಿತು ಅನ್ನುವ ಒಂದು ಸಾಲು ಸೇರಿಸಿ. ಆಮೇಲೆ ತಪ್ಪು ಅಂತ ಗೊತ್ತಾದರೆ ಆ ತಿದ್ದುಪಡಿಯನ್ನು ಸುದ್ದಿ ಬಂದ ಪುಟದಲ್ಲೇ ಹಾಕಿ.

ಇತಿ,
ಒಬ್ಬ ವಿಜ್ಞಾನ ಶಿಕ್ಷಕ, ತೀರ್ಥಹಳ್ಳಿ