ಘಟ್ಟದ ಓಟಕ್ಕೆ ಘಟ್ಟದವರ ಕಣ್ಗಾವಲು ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಆಶ್ವಯುಜ, ಕಾರ್ತಿಕ ಮಾಸಗಳು ಬಂತೆಂದರೆ ಮಲೆನಾಡಿನ ಕಾಡುದಾರಿಗಳಲ್ಲಿ ಈಗ ಅಲ್ಟ್ರಾ ಮ್ಯಾರಥಾನ್ ಓಟಗಾರರ ಹೆಜ್ಜೆ ಸಪ್ಪಳ. ಮ್ಯಾರಥಾನಿನ 42.195 ಕಿ.ಮೀ. ಮೀರಿದ ಓಟಗಳಿವು, 50, 80, 100 ಕಿ.ಮೀ. ದೂರವನ್ನು ಗುಡ್ಡ ಹತ್ತಿ ಇಳಿದು ಹಗಲಿರುಳು ಓಡುತ್ತಾರೆ. ನಾನು ಈ ಓಟಗಳ ವಿರೋಧಿಯಲ್ಲ, ಅವರ ಛಲದ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಜೀವರಕ್ಷಣೆಯ ಏರ್ಪಾಡು ಸಾಲದೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯ ನಸುಕಿನಲ್ಲಿ, ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ಪೂಜೆಯ ಎಡೆ ತುಂಬಿದ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೊರಟಿದ್ದ ನಮಗೆ ಗದ್ದೆಯಂಚಿನ ಮೇಲೆ ಮುದುಡಿ ಕುಳಿತಿದ್ದ ಯುವಕನೊಬ್ಬ ಕಂಡ. ಹಿಂದಿನ ಸಂಜೆ ಗುಡುಗು ಸಹಿತ ಮಳೆ ಸುರಿದಿತ್ತು. ತೊಯ್ದ ತೆಳು ಅಂಗಿ ಮೈಗೆ ಅಂಟಿತ್ತು, ತಲೆಗೆ ಕಟ್ಟಿಕೊಂಡ ದೀಪ ಆರಿತ್ತು, ಹೆಸರು ಕೇಳಿದರೆ ನಾಲಿಗೆ ತೊದಲುತ್ತಿತ್ತು. ಹಳ್ಳ ದಾಟುವ ಸಂಕದ (ಕಾಲುಸೇತುವೆಯ) ಬಳಿಯ ಕವಲಿನಲ್ಲಿ ಗುರುತಿಗೆಂದು ಕಟ್ಟಿದ್ದ ರಿಬ್ಬನ್ ಕಿತ್ತುಹೋಗಿದ್ದರಿಂದ ಆತ ದಾರಿ ತಪ್ಪಿದ್ದ. ಒಣ ಬಟ್ಟೆ ತೊಡಿಸಿ, ಕಂಬಳಿ ಹೊದಿಸಿ, ಬಿಸಿ ಗಂಜಿ ಕುಡಿಸಿದ ಮೇಲೆಯೇ ನಡುಕ ನಿಂತಿತು. ಸಿಗ್ನಲ್ ಹುಡುಕಿಕೊಂಡು ಗುಡ್ಡದ ನೆತ್ತಿ ಹತ್ತಿದ ನನ್ನ ತಮ್ಮ ಫೋನ್ ಮಾಡುವವರೆಗೂ ಒಬ್ಬ ಓಟಗಾರ ಬಂದಿಲ್ಲವೆಂಬುದು ಸಂಘಟಕರಿಗೆ ತಿಳಿದೇ ಇರಲಿಲ್ಲ. ಆ ಹುಡುಗ ಇಂದಿಗೂ ಹಬ್ಬಕ್ಕೊಮ್ಮೆ ಫೋನ್ ಮಾಡಿ ನಮ್ಮ ತಾಯಿಯನ್ನು ವಿಚಾರಿಸಿಕೊಳ್ಳುತ್ತಾನೆ.

ಮಲೆನಾಡಿನಲ್ಲಿ ಚಳಿಗೆ ಯಾರು ಸಾಯುತ್ತಾರೆ ಎಂದು ಕೇಳುವವರಿದ್ದಾರೆ. ಹತ್ತಾರು ತಾಸು ಓಡಿ ದಣಿದ ದೇಹಕ್ಕೆ ಬಿಸಿ ಹುಟ್ಟಿಸುವ ಶಕ್ತಿಯೇ ಉಳಿದಿರುವುದಿಲ್ಲ. ಅದರ ಮೇಲೆ ಒದ್ದೆ ಬಟ್ಟೆ, ಗುಡ್ಡದ ಗಾಳಿ ಸೇರಿದರೆ ಹಿಮ ಬೀಳದ ಊರಿನಲ್ಲೂ ಮೈಯ ಕಾವು ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನಡೆದ 100 ಕಿ.ಮೀ. ಓಟದಲ್ಲಿ ಹಠಾತ್ತನೆ ಎರಗಿದ ಆಲಿಕಲ್ಲು ಮಳೆ ಮತ್ತು ಬಿರುಗಾಳಿಗೆ ಸಿಕ್ಕಿ 172 ಮಂದಿಯಲ್ಲಿ 21 ಮಂದಿ ಅಸುನೀಗಿದರು. ಅಲ್ಲಿ ಆರು ಜನರನ್ನು ಗುಹೆಗೆ ಸೇರಿಸಿ, ಬೆಂಕಿ ಹಾಕಿ ಬದುಕಿಸಿದವರು ಆ ಗುಡ್ಡದಲ್ಲೇ ಕುರಿ ಕಾಯುವ ಝು ಕೆಮಿಂಗ್.

ಸಂಜೆಯ ಒಂದೇ ಮಳೆಗೆ ಯಾವ ಹಳ್ಳ ತುಂಬುತ್ತದೆ, ಕಾಟಿಗಳು (ಕಾಡುಕೋಣಗಳು) ಯಾವ ಹೊತ್ತಿನಲ್ಲಿ ಎಲ್ಲಿ ಇಳಿಯುತ್ತವೆ, ಮಂಜು ಕವಿದರೆ ಯಾವ ತಿರುವಿನಲ್ಲಿ ದಾರಿ ತಪ್ಪುತ್ತದೆ ಎಂಬುದು ಇಲ್ಲಿನ ದನ ಕಾಯುವವರಿಗೆ, ತೋಟದ ಕೆಲಸದವರಿಗೆ ಗೊತ್ತು. ದಾರಿ ಗೊತ್ತುಮಾಡುವ ಮುನ್ನವೇ ಗ್ರಾಮ ಪಂಚಾಯಿತಿಯಲ್ಲಿ ಕುಳಿತು ಇವರ ಮಾತು ಕೇಳಬೇಕು. ಸಂಕ, ಕವಲು, ನೆತ್ತಿಗಳಲ್ಲಿ ಇವರನ್ನೇ ತಕ್ಕ ಸಂಬಳ ಕೊಟ್ಟು ರಾತ್ರಿಯಿಡೀ ನಿಲ್ಲಿಸಬೇಕು. ಹಾಗೆಯೇ ಮಳೆಯಂಗಿ, ಮೈ ಬಿಸಿ ಕಾಯುವ ಹಾಳೆ, ಸೀಟಿ, ಎರಡು ದೀಪ ಇಲ್ಲದವರನ್ನು ಓಟಕ್ಕೆ ಬಿಡಬಾರದು, ಪ್ರತಿ ತಂಗುದಾಣದಲ್ಲೂ ತಲೆ ಎಣಿಕೆ ನಡೆಯಬೇಕು.

ನವೆಂಬರ್ ದಾಟಿದರೆ ಉಣುಗಿನ ಕಾಲ. ಉಣುಗು ಕಚ್ಚುವುದರಿಂದ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಓಟ ಮುಗಿಸಿ ದೂರದ ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆನೆಂದು ವೈದ್ಯರಿಗೆ ಮೊದಲು ಹೇಳುವಂತೆ ಪ್ರತಿಯೊಬ್ಬ ಓಟಗಾರನಿಗೂ ತಿಳಿಸಬೇಕು.

ಮುಂದಿನ ಓಟಗಳಿಗೆ ಅನುಮತಿ ಕೊಡುವಾಗ ಜಿಲ್ಲಾಡಳಿತವೂ ಅರಣ್ಯ ಇಲಾಖೆಯೂ ಇವನ್ನು ಲಿಖಿತ ಷರತ್ತುಗಳಾಗಿ ಸೇರಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ಒಬ್ಬ ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು